ರಿಮಿನಿ: ಮಕ್ಕಳನ್ನು ನಂಬಿ ಬಿಡಬಹುದಾದ ಕಡಲು

ರಿಮಿನಿಯಲ್ಲಿ ಕಡಲಿಗಿಳಿದವರು ಬಹುದೂರ ನಡೆದರೂ ನೀರು ಸೊಂಟಕ್ಕೆ ಬರುವುದಿಲ್ಲ. ಅಲೆ ಸಣ್ಣದು, ಸೆಳೆತ ಕಡಿಮೆ, ಕಾಲಡಿಗೆ ನುಣ್ಣನೆಯ ಮರಳು. ಇಟಲಿಯ ಪೂರ್ವ ಕರಾವಳಿಯ ಈ ಊರಿನಲ್ಲಿ ಅಮಾಲ್ಫಿಯ ಕಡಿದಾದ ಬಂಡೆಗಳಿಲ್ಲ, ಸಾರ್ಡೀನಿಯಾದ ತಿಳಿನೀರೂ ಇಲ್ಲ. ಏಡ್ರಿಯಾಟಿಕ್ ಸಮುದ್ರದ ಈ ಭಾಗ ಆಳವಿಲ್ಲದ್ದರಿಂದ ನೀರು ಕೊಂಚ ಬಗ್ಗಡವಾಗಿಯೇ ಇರುತ್ತದೆ. ಕ್ಯಾಲೆಂಡರ್ ಚಿತ್ರಕ್ಕೆ ಬೇಕಾದ ಚೆಲುವು ಹುಡುಕಿ ಬಂದವರಿಗೆ ನಿರಾಸೆಯಾದೀತು. ಆದರೆ ಕೈಗೂಸು, ಶಾಲೆಗೆ ಹೋಗುವ ಮಕ್ಕಳು, ಮೊಣಕಾಲು ನೋವಿನ ಅಜ್ಜಿ ಎಲ್ಲರನ್ನೂ ಕಟ್ಟಿಕೊಂಡು ಬರುವ ಸಂಸಾರಕ್ಕೆ ದಕ್ಷಿಣ ಯುರೋಪಿನಲ್ಲಿ ಇದಕ್ಕಿಂತ ಒದಗಿ ಬರುವ ಕಡಲತೀರ ಸಿಗುವುದು ಕಷ್ಟ.

ಇಟಲಿಯ ಶಾಲೆಗಳಿಗೆ ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ನಡುವಿನವರೆಗೆ, ಹೆಚ್ಚುಕಡಿಮೆ ಮೂರು ತಿಂಗಳು ರಜೆ. ಅಪ್ಪ ಅಮ್ಮನಿಗೆ ಅಷ್ಟು ರಜೆ ಎಲ್ಲಿಂದ ಬರಬೇಕು? ಅಜ್ಜ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಮೊದಲೇ ಕಡಲಿಗೆ ಬಂದು ಕೂರುತ್ತಾರೆ. ಹೆತ್ತವರು ಆಗಸ್ಟ್‌ನಲ್ಲಿ ಬಂದು ಸೇರುತ್ತಾರೆ. ಆಗಸ್ಟ್ 15 ಅಲ್ಲಿ ಫೆರ್ರಗೋಸ್ತೊ ಹಬ್ಬ. ರೋಮನ್ ಚಕ್ರವರ್ತಿ ಅಗಸ್ಟಸ್ ಕಾಲದ ವಿರಾಮದ ದಿನಗಳಿಂದ ಬಂದ ಈ ಹೆಸರಿಗೆ ಮುಂದೆ ಮೇರಿ ಮಾತೆಯ ಸ್ವರ್ಗಾರೋಹಣದ ಹಬ್ಬವೂ ಕೂಡಿಕೊಂಡಿತು. ಆ ವಾರ ಮಿಲಾನ್, ಟೂರಿನ್‌ನಂಥ ನಗರಗಳ ಅಂಗಡಿಗಳು ಬಾಗಿಲು ಹಾಕುತ್ತವೆ, ದಂಡೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಉದ್ದಕ್ಕೂ ಹರಡಿದ ದಂಡೆಯನ್ನು 'ಬಾನ್ಯೊ' ಎಂಬ ಸ್ನಾನಕೇಂದ್ರಗಳು ಪಾಲು ಮಾಡಿಕೊಂಡಿವೆ. ಒಂದೊಂದಕ್ಕೂ ಒಂದು ನಂಬರು, ತನ್ನದೇ ಬಣ್ಣದ ಕೊಡೆಗಳ ಸಾಲು. ಕೊಡೆಯ ಕೆಳಗೆ ಮಡಚುವ ಮಂಚ, ಹಿಂದೆ ಬಟ್ಟೆ ಬದಲಿಸುವ ಗೂಡು, ಸ್ನಾನಕ್ಕೆ ಸಿಹಿನೀರು, ಮಕ್ಕಳಿಗೆ ಜಾರುಬಂಡಿ. ದಿನಕ್ಕೋ ವಾರಕ್ಕೋ ಇಡೀ ಬೇಸಿಗೆಗೋ ಬಾಡಿಗೆ. ನೀರಿಗೆ ಹತ್ತಿರದ ಮೊದಲ ಸಾಲು ದುಬಾರಿ, ಹಿಂದೆ ಹೋದಷ್ಟೂ ಅಗ್ಗ. ವರ್ಷವರ್ಷವೂ ಅದೇ ಬಾನ್ಯೊ, ಅದೇ ಸಾಲು, ಅದೇ ಕೊಡೆ ಹಿಡಿಯುವ ಮನೆತನಗಳಿವೆ. ಪಕ್ಕದ ಕೊಡೆಯವರು ಅವರಿಗೆ ಬೇಸಿಗೆಯ ನೆರೆಹೊರೆ. ವರ್ಷದ ಮದುವೆ, ಸಾವು, ಹೆರಿಗೆಗಳ ಸುದ್ದಿಯೆಲ್ಲ ಅಲ್ಲಿಯೇ ವಿನಿಮಯ.

ಇಲ್ಲಿನ ದಿನಚರಿಗೂ ಒಂದು ಶಿಸ್ತಿದೆ. ಬೆಳಿಗ್ಗೆ ಬೇಗ ಮರಳನ್ನು ಹಲುಬೆಯಿಂದ ಹಸನು ಮಾಡುತ್ತಾರೆ. ಬಿಳಿ ಬಾವುಟ ಹಾರಿದರೆ ಈಜಬಹುದು, ಕೆಂಪು ಹಾರಿದರೆ ನೀರಿಗಿಳಿಯಬಾರದು. ಕಾವಲಿಗೆ ಎತ್ತರದ ಅಟ್ಟಣೆ, ಪಕ್ಕದಲ್ಲಿ ಹುಟ್ಟು ಹಾಕುವ ಕೆಂಪು ರಕ್ಷಣಾ ದೋಣಿ. ಒಬ್ಬ ಹುಡುಗನನ್ನು ಕೂರಿಸಿ, ಕಾಲು ಹಿಡಿದು ಎಳೆದು, ಮರಳಿನಲ್ಲಿ ಅಂಕುಡೊಂಕು ಹಾದಿ ಕೊರೆದು ಮಕ್ಕಳು ಗೋಲಿಯಾಡುತ್ತಾರೆ. ಆ ಪ್ಲಾಸ್ಟಿಕ್ ಗೋಲಿಗಳೊಳಗೆ ಪ್ರಸಿದ್ಧ ಸೈಕಲ್ ಪಟುಗಳ ಚಿತ್ರಗಳಿರುತ್ತವೆ. ನಡುನಡುವೆ ತೆಂಗಿನಕಾಯಿ ಹೋಳು ಮಾರುವವನ ಕೂಗು. ಊಟವಾದ ಮೇಲೆ ಎರಡು ಮೂರು ಗಂಟೆ ನೀರಿಗಿಳಿಯುವಂತಿಲ್ಲ. ಇದು ಯಾವ ಕಾನೂನಿನಲ್ಲೂ ಇಲ್ಲ, ಇಟಲಿಯ ಅಮ್ಮಂದಿರ ಕಟ್ಟಪ್ಪಣೆ. ಇನ್ನು ಜನಜಂಗುಳಿಯಲ್ಲಿ ತಪ್ಪಿಸಿಕೊಂಡ ಮಕ್ಕಳು? ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲೇ ದಂಡೆಯುದ್ದಕ್ಕೂ ಧ್ವನಿವರ್ಧಕಗಳು ಬಂದವು. ಮಗುವಿನ ಹೆಸರು, ಚಡ್ಡಿಯ ಬಣ್ಣ, ಕಾಯುತ್ತಿರುವ ಬಾನ್ಯೊ ನಂಬರು ಕೂಗಿ ಹೇಳುವ ಆ ದನಿ ಹಲವು ತಲೆಮಾರುಗಳಿಗೆ ಪರಿಚಿತ. ಸಂಸಾರವಂದಿಗರ ಆತಂಕವನ್ನು ಇಷ್ಟು ಚೆನ್ನಾಗಿ ಅರಿತ ಕಡಲೂರು ಅಪರೂಪ.

ಈ ಏರ್ಪಾಡಿಗೆ ಹಳೆಯ ಚರಿತ್ರೆಯಿದೆ. 1843ರಲ್ಲಿ ಇಲ್ಲಿ ಮೊದಲ ಸ್ನಾನಕೇಂದ್ರ ಶುರುವಾದಾಗ ಸಮುದ್ರಸ್ನಾನವನ್ನು ಔಷಧಿಯೆಂದು ನಂಬಿದ್ದರು. 1861ರಲ್ಲಿ ರೈಲು ಬಂತು, 1908ರಲ್ಲಿ ಗ್ರ್ಯಾಂಡ್ ಹೋಟೆಲ್ ತೆರೆಯಿತು. ಅದೆಲ್ಲ ಶ್ರೀಮಂತರಿಗೆ. ಮುಸೊಲಿನಿ ಆಡಳಿತದ 1930ರ ದಶಕದಲ್ಲಿ ಬಡವರ ಮಕ್ಕಳೂ ಬಂದರು, ಹೆತ್ತವರಿಲ್ಲದೆ, ಸಮವಸ್ತ್ರ ತೊಟ್ಟು. ಅವರಿಗೆಂದು ಕಟ್ಟಿದ 'ಕೊಲೊನಿಯ' ಶಿಬಿರಗಳ ಭಾರಿ ಕಟ್ಟಡಗಳಲ್ಲಿ ಕೆಲವು ಇಂದಿಗೂ ಪಾಳುಬಿದ್ದು ನಿಂತಿವೆ.

ಆಮೇಲೆ ಯುದ್ಧ. 1944ರ ಸೆಪ್ಟೆಂಬರಿನಲ್ಲಿ ಮಿತ್ರಪಡೆಗಳು ಊರು ಗೆಲ್ಲುವ ಹೊತ್ತಿಗೆ ಬಾಂಬ್ ದಾಳಿಗಳಿಗೆ ಬಹುಪಾಲು ಕಟ್ಟಡಗಳು ನೆಲ ಕಚ್ಚಿದ್ದವು. ಈ ಕಾಳಗದಲ್ಲಿ ಭಾರತದ ಸೈನಿಕರೂ ಇದ್ದರು. ಹತ್ತಿರದ ಬೆಟ್ಟದ ಮೇಲಿನ ಪುಟ್ಟ ದೇಶ ಸ್ಯಾನ್ ಮರಿನೊದಲ್ಲಿ ಜರ್ಮನ್ನರೊಡನೆ ಹೋರಾಡಿದ್ದು ನಾಲ್ಕನೇ ಭಾರತೀಯ ಡಿವಿಜನ್. ರಿಮಿನಿಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಗೂರ್ಖಾ ಯುದ್ಧಸ್ಮಶಾನವಿದೆ. ಅಲ್ಲಿ ಸಮಾಧಿಗಳ ಜೊತೆಗೆ, ತಮ್ಮ ಧರ್ಮದಂತೆ ದಹನಗೊಂಡ ಅವಿಭಜಿತ ಭಾರತದ ಯೋಧರಿಗಾಗಿ ಸ್ಮಾರಕವೂ ಇದೆ. ಕಡಲಿನಿಂದ ಅರ್ಧ ದಿನ ಬಿಡುವು ಮಾಡಿಕೊಂಡು ಮಕ್ಕಳಿಗೆ ಅದನ್ನು ತೋರಿಸಬೇಕು.

ಇಂದಿನ ರಿಮಿನಿಯನ್ನು ಕಟ್ಟಿದವರು ಆ ಅವಶೇಷಗಳ ನಡುವಿನಿಂದ ಎದ್ದ ಸಾಮಾನ್ಯರು. ಮೀನುಗಾರರು, ರೈತರು, ಬಡಗಿಗಳು ಸಾಲ ಮಾಡಿ ಮನೆಗೆ ಕೋಣೆ ಸೇರಿಸಿ 'ಪೆನ್ಸಿಯೊನೆ' ತೆರೆದರು. ಗಂಡ ಲೆಕ್ಕ ನೋಡಿಕೊಂಡರೆ ಅಡುಗೆಮನೆ 'ಅಜ್ದೋರ'ಳದ್ದು, ಅಂದರೆ ಮನೆಯೊಡತಿಯದ್ದು. ಮೂರು ಹೊತ್ತಿನ ಊಟ ಸೇರಿಸಿ ಒಂದೇ ದರ ಕಟ್ಟಿದ್ದರಿಂದ ಕಾರ್ಖಾನೆ ಕೆಲಸಗಾರನಿಗೂ ಎರಡು ವಾರದ ಕಡಲ ರಜೆ ಎಟುಕಿತು. 1950, 60ರ ದಶಕಗಳಲ್ಲಿ ಜರ್ಮನರೂ ದಂಡಿಯಾಗಿ ಬಂದರು. ಊರಿನ ನಿಜವಾದ ದೊಡ್ಡತನ ಇರುವುದು ಈ ಹೆಂಗಸರ ದುಡಿಮೆಯಲ್ಲಿ.

ಅವರ ಕೈಯಿಂದ ಬಂದದ್ದೇ ಪಿಯಾದಿನ. ಗೋಧಿಹಿಟ್ಟು ಕಲಸಿ, ಲಟ್ಟಿಸಿ, ಕಾವಲಿಯಲ್ಲಿ ಸುಡುವ ಇದು ನಮ್ಮ ಚಪಾತಿಯ ದಪ್ಪನೆಯ ಅಕ್ಕನಂತೆ. ಒಳಗೆ ಸ್ಕ್ವಾಕ್ವೆರೋನೆ ಎಂಬ ಮೆತ್ತನೆಯ ಚೀಸ್, ರುಕೊಲ ಸೊಪ್ಪು ಇಟ್ಟು ಮಡಚಿ ಕೊಡುತ್ತಾರೆ. ಸಸ್ಯಾಹಾರಿಗಳು ಒಂದು ಮಾತು ಕೇಳಿಯೇ ತಿನ್ನಬೇಕು: ಸಾಂಪ್ರದಾಯಿಕ ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸುತ್ತಾರೆ. ಆಲಿವ್ ಎಣ್ಣೆಯಲ್ಲಿ ಮಾಡಿದ್ದೂ ಸಿಗುತ್ತದೆ.

ದಂಡೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಹಳೆಯ ಊರು. ಕ್ರಿ.ಪೂ. 27ರ ಅಗಸ್ಟಸ್ ಕಮಾನು, ಕ್ರಿ.ಶ. 21ರಲ್ಲಿ ಮುಗಿದ ತಿಬೇರಿಯಸ್ ಸೇತುವೆ ಅಲ್ಲಿವೆ. ಯುದ್ಧಕ್ಕೂ ಜಗ್ಗದ ಆ ಕಲ್ಲುಸೇತುವೆಯ ಮೇಲೆ ಜನ ಈಗಲೂ ಓಡಾಡುತ್ತಾರೆ. ಸಿನಿಮಾ ನಿರ್ದೇಶಕ ಫೆಡೆರಿಕೊ ಫೆಲಿನಿ 1920ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಬಾಲ್ಯದ ರಿಮಿನಿಯನ್ನು ನೆನೆದು ಮಾಡಿದ 'ಅಮರ್ಕೋರ್ಡ್' ಚಿತ್ರದ ಬಹುಪಾಲನ್ನು ಅವರು ರೋಮ್‌ನ ಸ್ಟುಡಿಯೊದಲ್ಲಿ ಚಿತ್ರೀಕರಿಸಿದರು.

ಕಷ್ಟಗಳೂ ಬಂದಿವೆ. 1989ರ ಬೇಸಿಗೆಯಲ್ಲಿ ಸಮುದ್ರದ ತುಂಬ ಲೋಳೆ ತೇಲಿ ಬಂದು ಪ್ರವಾಸಿಗರು ಓಡಿಹೋದರು. ಚರಂಡಿ ನೀರು ಕಡಲಿಗೆ ಸೇರದಂತೆ ತಡೆಯುವ ದೊಡ್ಡ ಯೋಜನೆಯನ್ನು ನಗರ 2013ರಿಂದ ಕೈಗೆತ್ತಿಕೊಂಡಿತು. ಈಗಿನ ತಕರಾರು ಬಾನ್ಯೊಗಳದ್ದೇ. ದಂಡೆ ಸರ್ಕಾರದ ಆಸ್ತಿ. ಗುತ್ತಿಗೆಗಳನ್ನು ಬಹಿರಂಗ ಸ್ಪರ್ಧೆಗೆ ಒಡ್ಡಬೇಕೆಂಬುದು ಐರೋಪ್ಯ ಒಕ್ಕೂಟದ ಕಟ್ಟಳೆ. ಇದನ್ನು ವಿರೋಧಿಸಿ ಇಟಲಿಯ ಗುತ್ತಿಗೆದಾರರು 2024ರ ಆಗಸ್ಟ್ 9ರಂದು ಎರಡು ಗಂಟೆ ತಡವಾಗಿ ಕೊಡೆ ಬಿಚ್ಚಿದರು. ಸ್ಪರ್ಧೆ ನ್ಯಾಯವೇ. ಆದರೆ ದಂಡೆ ದುಡ್ಡಿದ್ದ ಕಂಪನಿಗಳ ಪಾಲಾಗಿ ಹಿಂದಿನ ಸಾಲಿನ ಅಗ್ಗದ ಕೊಡೆ ಮಾಯವಾದರೆ ಸಾಮಾನ್ಯ ಸಂಸಾರಕ್ಕೆ ಈ ಊರು ಎಟುಕದಂತಾಗುತ್ತದೆ. ಹಳೆಯ ಗುತ್ತಿಗೆಗಳಿಗೆ ಸರ್ಕಾರ 2027ರ ಸೆಪ್ಟೆಂಬರ್‌ವರೆಗೆ ಅವಧಿ ವಿಸ್ತರಿಸಿದೆ.

ಬೊಲೊನ್ಯ ನಗರದಿಂದ ವೇಗದ ರೈಲಿನಲ್ಲಿ ರಿಮಿನಿಗೆ ಸುಮಾರು ಒಂದು ಗಂಟೆ. ನಿಲ್ದಾಣದಿಂದ ಕಡಲಿಗೆ ನಡೆದೇ ಹೋಗಬಹುದು. ಆಗಸ್ಟ್ ತಿಂಗಳನ್ನು ಬಿಟ್ಟುಬಿಡಿ. ಬಿಸಿಲೂ ಬಾಡಿಗೆಯೂ ವಿಪರೀತ. ಜೂನ್ ಮೊದಲ ವಾರಗಳಲ್ಲೋ ಸೆಪ್ಟೆಂಬರಿನಲ್ಲೋ ಹೋಗಿ. ಬಾಡಿಗೆ ಕೊಡುವ ಮನಸ್ಸಿಲ್ಲದವರು ಟವೆಲ್ ಹಾಸಿಕೊಂಡು ಕೂರಲು ಉಚಿತ ದಂಡೆಯ ತುಣುಕುಗಳೂ ಇವೆ. ನೀರಿನಂಚಿನಲ್ಲಿ ಓಡಾಡಲಂತೂ ಯಾರಿಗೂ ಕಾಸು ಕೊಡಬೇಕಿಲ್ಲ, ಅದು ಇಟಲಿಯ ಕಾನೂನು ಎಲ್ಲರಿಗೂ ಕೊಟ್ಟಿರುವ ಹಕ್ಕು.