ಕಡತದಿಂದ ಗಣಕಯಂತ್ರಕ್ಕೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿದೆ. ಇವುಗಳಲ್ಲಿ ಯಾವ ತಾಲ್ಲೂಕು ಕಚೇರಿಯ ಅಂಗಳದಲ್ಲಿ ನಿಂತರೂ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೊಂದುಂಟು: ಕಡತ. ಕಡತ ಸಾಹೇಬರ ಮೇಜಿನ ಮೇಲಿದೆ, ಕಡತ ಸಿಕ್ಕಲಿಲ್ಲ, ಕಡತದಲ್ಲಿ ಹಾಗಿಲ್ಲ, ಇತ್ಯಾದಿ. ಕಾಗದಗಳ ಕಟ್ಟಿಗೆ ಇಂದು ನಾವು ಈ ಹೆಸರನ್ನು ಬಳಸುತ್ತೇವೆ. ಆದರೆ ಹಿಂದೆ ಕಡತವೆಂದರೆ ಕಾಗದವಲ್ಲ, ಬಟ್ಟೆ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿಯನ್ನು ಬೆರೆಸಿ, ಬಟ್ಟೆಗೆ ಬಳಿದು ಒಣಗಿಸಿ, ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ಕಡತಗಳು ಇಂದಿಗೂ ಉಳಿದುಬಂದಿವೆ.

ಈ ಕಡತಕ್ಕೆ ಒಂದು ವಿಶೇಷ ಗುಣವಿತ್ತು. ಬರೆದುದನ್ನು ಒರಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ಅಂಗಡಿಯ ದಿನದ ಲೆಕ್ಕಕ್ಕೆ ಇದು ಅನುಕೂಲ. ಹೊಲದ ಒಡೆತನಕ್ಕೆ ಅಪಾಯ. ದಾಖಲೆಯನ್ನು ತಿದ್ದಲು ಅವಕಾಶವಿರಬೇಕು, ಏಕೆಂದರೆ ಹೊಲಗಳು ಮಾರಾಟವಾಗುತ್ತವೆ, ಮಕ್ಕಳಲ್ಲಿ ಹಂಚಿಹೋಗುತ್ತವೆ. ಆದರೆ ತಿದ್ದಿದ್ದು ಯಾರಿಗೂ ತಿಳಿಯದಂತೆ ತಿದ್ದಲು ಅವಕಾಶವಿರಕೂಡದು. ಇವೆರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆ? ದಾಖಲೆಗಳ ನಿರ್ವಹಣೆಗೆ ಗಣಕಯಂತ್ರವು ಬಂದ ಬಗೆಯನ್ನು ಈ ಪ್ರಶ್ನೆಯ ಮೂಲಕ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ.

ಪಹಣಿಯ ಪುಸ್ತಕ

ಹಳ್ಳಿಯ ಲೆಕ್ಕವನ್ನು ಬಹುಕಾಲ ವಂಶಪಾರಂಪರ್ಯವಾಗಿ ಶಾನುಭೋಗರು ಬರೆಯುತ್ತಿದ್ದರು. 1961ರ ಶಾಸನದಿಂದ ಈ ಪದ್ಧತಿಯು ರದ್ದಾಗಿ, ಗ್ರಾಮಲೆಕ್ಕಿಗರು ಆ ಸ್ಥಾನಕ್ಕೆ ಬಂದರು. 1964ರ ಭೂಕಂದಾಯ ಅಧಿನಿಯಮವು ಹಕ್ಕುದಾಖಲೆಯ ನಿಯಮಗಳನ್ನು ಗೊತ್ತುಪಡಿಸಿತು. ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಬೆಳೆ, ಸಾಲ, ಇವೆಲ್ಲವೂ ಸೇರಿದ ಪತ್ರವೇ ಪಹಣಿ. ಸಾಲ ಬೇಕಾದಾಗ, ಪರಿಹಾರ ಬರಬೇಕಾದಾಗ, ವ್ಯಾಜ್ಯವಾದಾಗ ರೈತನ ಕೈಯಲ್ಲಿರಬೇಕಾದುದು ಇದೇ.

ಕೈಬರಹದ ಪಹಣಿಗಳನ್ನು ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರು ಇಟ್ಟುಕೊಂಡಿದ್ದರು. ಒಬ್ಬೊಬ್ಬರ ವಶದಲ್ಲಿ ಮೂರು ನಾಲ್ಕು ಹಳ್ಳಿಗಳ ಪುಸ್ತಕ. ಇದರಲ್ಲಿ ಎರಡು ತೊಡಕುಗಳಿದ್ದುವು. ಒಂದು, ಪುಸ್ತಕವಿದ್ದ ಕಡೆಗೆ ರೈತನೇ ಹೋಗಬೇಕು. ಲೆಕ್ಕಿಗನು ಸಿಕ್ಕದಿದ್ದರೆ ಪಹಣಿಯೂ ಸಿಕ್ಕದು. ಇನ್ನೊಂದು, ಖಾತೆ ಬದಲಾವಣೆಗೆ ಮೊದಲು ಅರ್ಜಿ ಕೊಟ್ಟವರು ಯಾರು, ಅದು ಎಷ್ಟು ದಿನದಿಂದ ನಿಂತಿದೆ ಎಂಬುದನ್ನು ಹೊರಗಿನವರು ತಿಳಿಯುವ ದಾರಿ ಇರಲಿಲ್ಲ. ಕಾಗದದ ಮೇಲೆ ಶಾಯಿಯನ್ನು ಕೆರೆದರೆ ಗುರುತೇನೋ ಉಳಿಯುತ್ತದೆ. ಆದರೆ ಕೆರೆದವರು ಯಾರೆಂದು ಕಾಗದ ಹೇಳುವುದಿಲ್ಲ.

ಬೆಳಕಿನಿಂದ ಬರೆದ ದಾಖಲೆ

ಕಾಗದದ ರಾಶಿಯ ಕಷ್ಟ ನಮ್ಮ ತಾಲ್ಲೂಕುಗಳಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕದ ಬ್ಯಾಂಕುಗಳೂ ವಿಮಾ ಸಂಸ್ಥೆಗಳೂ ಅದನ್ನು ಅನುಭವಿಸುತ್ತಿದ್ದುವು. ಅದಕ್ಕೆ ಪರಿಹಾರವನ್ನು ಹುಡುಕಿದ ಮೊದಲ ಕಂಪನಿಗಳಲ್ಲಿ ಫೈಲ್‌ನೆಟ್ ಒಂದು. ಟೆಡ್ ಸ್ಮಿತ್ ಎಂಬವರು 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಸ್ಥಾಪಿಸಿದರು. ಕಾಗದವನ್ನು ಸ್ಕ್ಯಾನ್ ಮಾಡಿ ಅದರ ಚಿತ್ರವನ್ನು ಬೆಳಕಿನ ತಟ್ಟೆಯ ಮೇಲೆ ಶೇಖರಿಸಿಡುವುದು ಅವರ ಉಪಾಯ.

ಇದರಲ್ಲಿ ಅಡಗಿರುವ ಲೆಕ್ಕವನ್ನು ಸ್ವಲ್ಪ ನೋಡೋಣ. ಎಂಟೂವರೆ ಅಂಗುಲ ಅಗಲ, 11 ಅಂಗುಲ ಉದ್ದದ ಹಾಳೆಯೊಂದನ್ನು ಅಂಗುಲಕ್ಕೆ 200 ಚುಕ್ಕೆಗಳಂತೆ ವಿಂಗಡಿಸಿದರೆ, ಅಡ್ಡಸಾಲಿಗೆ 1,700 ಚುಕ್ಕೆ. ಅಂಥ ಸಾಲುಗಳು 2,200. ಒಟ್ಟು 37,40,000 ಚುಕ್ಕೆಗಳು. ಪ್ರತಿಯೊಂದು ಚುಕ್ಕೆಯೂ ಕಪ್ಪು ಅಥವಾ ಬಿಳಿ, ಎಂದರೆ 1 ಅಥವಾ 0. ಎಂಟು ಅಂಕೆಗಳಿಗೆ ಒಂದು ಬೈಟ್ ಆದುದರಿಂದ ಒಂದು ಹಾಳೆಗೆ 4,67,500 ಬೈಟ್‌ಗಳು ಬೇಕು. ಅಂದಿನ ಯಂತ್ರಗಳಿಗೆ ಇದು ದೊಡ್ಡ ಹೊರೆ. ಆದರೆ ಹಾಳೆಯ ಬಹುಭಾಗ ಬಿಳಿಯಾಗಿಯೇ ಇರುತ್ತದಷ್ಟೆ. ಆದಕಾರಣ ಒಂದು ಸಾಲಿನ 1,700 ಚುಕ್ಕೆಗಳನ್ನು ಒಂದೊಂದಾಗಿ ಬರೆಯುವುದಕ್ಕೆ ಬದಲು "700 ಬಿಳಿ, 5 ಕಪ್ಪು, 995 ಬಿಳಿ" ಎಂದು ಮೂರು ಸಂಖ್ಯೆಗಳಲ್ಲಿ ಮುಗಿಸಬಹುದು. ಇಂಥ ಸಂಕ್ಷೇಪದಿಂದ ಹಾಳೆಯ ಹೊರೆಯು ಹತ್ತನೆಯ ಒಂದು ಭಾಗಕ್ಕೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯುತ್ತದೆ.

ಹೀಗೆ ಹಗುರವಾದ ಚಿತ್ರವನ್ನು ಲೇಸರ್ ಕಿರಣವು ತಟ್ಟೆಯ ಮೇಲಣ ತೆಳುಪೊರೆಯಲ್ಲಿ ಬರೆಯುತ್ತದೆ. ಸುಮಾರು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಕಿರಿಯ ಬಿಂದುವಿನ ಮೇಲೆ ಕಿರಣ ಕೇಂದ್ರೀಕೃತವಾದಾಗ ಪೊರೆಯು ಅಲ್ಲಿ ಕಾದು ಶಾಶ್ವತವಾಗಿ ಮಾರ್ಪಡುತ್ತದೆ. ಓದುವಾಗ ಶಕ್ತಿ ಕಡಮೆಯಾದ ಕಿರಣವನ್ನು ಹಾಯಿಸುತ್ತಾರೆ. ಮಾರ್ಪಟ್ಟ ಬಿಂದುವಿಗೂ ಮಾರ್ಪಡದ ಬಿಂದುವಿಗೂ ಪ್ರತಿಫಲನದಲ್ಲಿ ವ್ಯತ್ಯಾಸವಿರುವುದರಿಂದ 1, 0 ಎಂಬುದು ತಿಳಿಯುತ್ತದೆ. ಒಮ್ಮೆ ಸುಟ್ಟ ಪೊರೆಯನ್ನು ಮೊದಲಿನಂತೆ ಮಾಡಲಾಗದು. ಎಂದರೆ ಈ ತಟ್ಟೆಯು ನಮ್ಮ ಕಡತಕ್ಕೆ ನೇರ ವಿರುದ್ಧ. ತಿದ್ದುಪಡಿ ಬೇಕಾದರೆ ಹೊಸ ಹಾಳೆಯನ್ನು ಬೇರೆ ಜಾಗದಲ್ಲಿ ಬರೆಯಬೇಕು. ಹಳೆಯ ಹಾಳೆ ಇದ್ದಲ್ಲಿಯೇ ಇರುತ್ತದೆ.

ಫೈಲ್‌ನೆಟ್ ಮಾಡಿದ ಇನ್ನೊಂದು ಕೆಲಸ ಇದಕ್ಕಿಂತಲೂ ದೂರಗಾಮಿಯಾದುದು. ಕಾಗದವು ಮೊದಲು ಯಾರ ಮುಂದೆ ಬರಬೇಕು, ಅವರು ನೋಡಿದ ಬಳಿಕ ಯಾರಿಗೆ ಹೋಗಬೇಕು ಎಂಬ ಕ್ರಮವನ್ನೇ ಅದು ತಂತ್ರಾಂಶದಲ್ಲಿ ಅಳವಡಿಸಿತು. 2006ರಲ್ಲಿ ಐ.ಬಿ.ಎಂ. ಕಂಪನಿಯು ಸುಮಾರು 160 ಕೋಟಿ ಡಾಲರುಗಳಿಗೆ ಫೈಲ್‌ನೆಟ್ಟನ್ನು ಕೊಂಡುಕೊಂಡಿತು.

'ಭೂಮಿ'ಯ ಕ್ರಮ

ಭಾರತದಲ್ಲಿ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಪ್ರಯೋಗವು 1988-89ರಲ್ಲಿ ಎಂಟು ಜಿಲ್ಲೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಇದು 'ಭೂಮಿ' ಎಂಬ ಹೆಸರಿನಿಂದ 2000ದ ಸುಮಾರಿನಲ್ಲಿ ರೂಪುಗೊಂಡು, ಕೆಲವೇ ವರ್ಷಗಳಲ್ಲಿ ಎಲ್ಲ ತಾಲ್ಲೂಕುಗಳಿಗೂ ಹಬ್ಬಿತು. ತಂತ್ರಾಂಶವನ್ನು ಸಿದ್ಧಪಡಿಸಿದುದು ಖಾಸಗಿ ಕಂಪನಿಯಲ್ಲ, ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ. ಕಂದಾಯ ಇಲಾಖೆಯಲ್ಲಿ ಯೋಜನೆಯ ಹೊಣೆ ಹೊತ್ತವರು ರಾಜೀವ್ ಚಾವ್ಲಾ. ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿ ದಾಖಲೆಗಳನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿ ಯಂತ್ರಕ್ಕೆ ಸೇರಿಸಲಾಯಿತು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿಯೇ ಪಹಣಿ ದೊರೆಯುತ್ತಿತ್ತು. ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಮಾಡಲಾಯಿತು.

ಇಲ್ಲಿ ದಾಖಲೆಗಳನ್ನು ಎರಡು ವಿಧವಾಗಿ ಇಟ್ಟಿರುವುದನ್ನು ಗಮನಿಸಬೇಕು. ಪಹಣಿಯನ್ನು ಚಿತ್ರವಾಗಿ ಇಡದೆ ಅಕ್ಷರ ಮತ್ತು ಅಂಕೆಗಳಾಗಿ ಇಟ್ಟರು. ಚಿತ್ರದೊಳಗೆ ಸರ್ವೆ ನಂಬರನ್ನು ಹುಡುಕುವುದು ಕಷ್ಟ. ಅಂಕೆಗಳಲ್ಲಿ ಹುಡುಕುವುದು ಕ್ಷಣದ ಕೆಲಸ. ಆದರೆ ಖಾತೆ ಬದಲಾವಣೆಯ ನೋಟೀಸು, ಕಂದಾಯ ನಿರೀಕ್ಷಕರ ಸಹಿ ಇರುವ ಆಜ್ಞೆ, ಇವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿಯೇ ಇಟ್ಟರು. ಸಹಿಯನ್ನು ಅಕ್ಷರಗಳಲ್ಲಿ ಬರೆದಿಡಲು ಸಾಧ್ಯವಿಲ್ಲವಷ್ಟೆ.

ಗಣಕದ ಕಾಂತೀಯ ತಟ್ಟೆಯಾದರೋ ಕಡತದಂತೆಯೇ ಒರಸಿ ಬರೆಯಬಹುದಾದ ವಸ್ತು. ಆದುದರಿಂದ ಲೇಸರ್ ತಟ್ಟೆಯು ಸ್ವಭಾವದಿಂದಲೇ ಮಾಡುವ ಕಾವಲನ್ನು ಇಲ್ಲಿ ತಂತ್ರಾಂಶವು ಮಾಡಬೇಕು. ಅರ್ಜಿ ಬಂದೊಡನೆ ಅದಕ್ಕೆ ಸಂಖ್ಯೆ ಬೀಳುತ್ತದೆ. ಮೊದಲು ಬಂದ ಅರ್ಜಿಯನ್ನು ಬಿಟ್ಟು ಹಿಂದಿನದನ್ನು ತೆಗೆದುಕೊಳ್ಳಲು ಯಂತ್ರವು ಒಪ್ಪದು. ಆರಂಭದಲ್ಲಿ ಆಕ್ಷೇಪಣೆಗಾಗಿ 30 ದಿನಗಳ ಅವಧಿ ಕಳೆಯಬೇಕಾಗಿತ್ತು. ಕೆಲಸಕ್ಕೆ ಕುಳಿತ ನೌಕರನೂ ಒಪ್ಪಿಗೆ ಕೊಡುವ ಅಧಿಕಾರಿಯೂ ಬೆರಳಿನ ಗುರುತನ್ನು ಕೊಟ್ಟೇ ಒಳಹೋಗಬೇಕು. ಹೀಗೆ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ವೃತ್ತಾಂತವೂ ದಾಖಲೆಯ ಜೊತೆಯಲ್ಲಿ ಉಳಿಯುತ್ತದೆ.

ಯಂತ್ರಕ್ಕೆ ಕಾಣದ ತಪ್ಪು

ಹಾಗಾದರೆ ತಪ್ಪುಗಳೆಲ್ಲ ತೊಲಗಿದುವೆ? ಇಲ್ಲ. ಒಬ್ಬ ರೈತನಿಗೆ 2 ಎಕರೆ 4 ಗುಂಟೆ ಹೊಲವಿದೆಯೆಂದು ಭಾವಿಸೋಣ. ಬೆರಳಚ್ಚು ಮಾಡುವಾಗ 2 ಎಕರೆ 40 ಗುಂಟೆ ಎಂದು ಬಿದ್ದರೆ, ಎಕರೆಗೆ 40 ಗುಂಟೆ ಎಂಬ ನಿಯಮವನ್ನು ಕಲಿಸಿರುವ ಯಂತ್ರ ಅದನ್ನು ಕೂಡಲೆ ತಿರಸ್ಕರಿಸಬಲ್ಲದು. 2 ಎಕರೆ 14 ಗುಂಟೆ ಎಂದು ಬಿದ್ದರೆ ಆ ಸಂಖ್ಯೆಯಲ್ಲಿ ದೋಷವೇನೂ ಕಾಣದು. ಆ ಸರ್ವೆ ನಂಬರಿನ ಎಲ್ಲ ಹಿಡುವಳಿಗಳನ್ನೂ ಕೂಡಿ, ಮೊತ್ತವನ್ನು ಅಳತೆಯ ವಿಸ್ತೀರ್ಣದೊಡನೆ ಹೋಲಿಸಿದಾಗ 10 ಗುಂಟೆ ಹೆಚ್ಚಿರುವುದು ಬಯಲಾಗುತ್ತದೆ. ಆದರೆ ಅದು ಯಾರ ಪಾಲಿನಲ್ಲಿ ಹೆಚ್ಚಿದೆ ಎಂದು ಕೂಡುವ ಲೆಕ್ಕ ಹೇಳದು. ಇನ್ನು ಹನುಮಂತರಾಯಪ್ಪ ಎಂಬ ಹೆಸರು ಹನುಮಂತಪ್ಪ ಎಂದಾಗಿದ್ದರೆ, ಎರಡೂ ಸರಿಯಾದ ಹೆಸರುಗಳೇ ಆದುದರಿಂದ ಯಂತ್ರಕ್ಕೆ ಸಂಶಯವೇ ಹುಟ್ಟದು.

10 ಗುಂಟೆ ಅಲ್ಪವೆಂದು ತೋರಬಹುದು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಣ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಭೂಮಿಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು 2019ರಲ್ಲಿ ಪೂರ್ಣವಾಯಿತು. ಈ ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆಯಲಾಗಿದೆ. ಮೊದಲು ಗೊತ್ತುಮಾಡಿದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಆ ದರದಲ್ಲಿ 10 ಗುಂಟೆಗೆ ವರ್ಷಕ್ಕೆ 5,250 ರೂಪಾಯಿ ಆಗುತ್ತದೆ. ಮಳೆಯನ್ನೇ ನಂಬಿದ ಸೀಮೆಯ ಸಂಸಾರಕ್ಕೆ ಇದು ಅಲ್ಪವಲ್ಲ.

ಇಂಥ ತಪ್ಪನ್ನು ತೀರ್ಮಾನಿಸಲು ಮೂಲ ಕಾಗದವೇ ಬೇಕು. ತಹಶೀಲ್ದಾರರ ತೀರ್ಪು ಒಪ್ಪಿಗೆಯಾಗದಿದ್ದರೆ ಈ ನಾಲ್ಕು ತಾಲ್ಲೂಕುಗಳವರು ಮಧುಗಿರಿಯ ಉಪವಿಭಾಗಾಧಿಕಾರಿಯವರಲ್ಲಿ ಮೇಲ್ಮನವಿ ಮಾಡಿಕೊಳ್ಳುತ್ತಾರೆ. ಅಲ್ಲಿಯೂ ಹಳೆಯ ಪುಸ್ತಕವನ್ನೇ ತೆರೆದು ನೋಡಬೇಕಾಗುತ್ತದೆ. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯಲ್ಲಿರುವ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ 'ಭೂಸುರಕ್ಷಾ' ಕಾರ್ಯವನ್ನು ಕಂದಾಯ ಇಲಾಖೆಯು 2024ರಲ್ಲಿ ಕೈಗೊಂಡಿರುವುದು ಈ ದೃಷ್ಟಿಯಿಂದ ಮುಖ್ಯವಾದುದು. ಹುಳು ತಿಂದ ಹಾಳೆಯಿಂದ ಯಾವ ತಪ್ಪನ್ನೂ ತಿದ್ದಲಾಗುವುದಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ರಜೆಯಲ್ಲಿ ಊರಿಗೆ ಹೋದಾಗ ಮನೆಯ ಪಹಣಿಯನ್ನು ತೆಗೆದು ನೋಡಿ. ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಎಕರೆ ಗುಂಟೆಗಳನ್ನು ಕೂಡಿ, ಹಳೆಯ ಪತ್ರದೊಡನೆ ಹೋಲಿಸಿ. ಓದಲು ಬಾರದ ನೆರೆಯವರಿದ್ದರೆ ಅವರದನ್ನೂ ನೋಡಿಕೊಡಿ. ದಾಖಲೆಯನ್ನು ತಿದ್ದಿದವರು ಯಾರೆಂಬುದನ್ನು ಯಂತ್ರವು ನೆನಪಿನಲ್ಲಿಡುತ್ತದೆ. ಅದು ಸರಿಯೇ ಎಂದು ಕೇಳುವ ಕೆಲಸವನ್ನು ಮಾತ್ರ ನಾವೇ ಮಾಡಬೇಕು.