ಮೆತ್ತನೆಯ ಕೂಸು

ಬಚ್ಚಲ ಕಲ್ಲಿನ ಮೇಲೆ ಅಜ್ಜಿ ಎರಡೂ ಕಾಲು ನೀಡಿ ಕೂತಳೆಂದರೆ ಓಣಿಗೆಲ್ಲ ಗೊತ್ತು, ಕೂಸು ಎರೆಯುವ ಹೊತ್ತಾಯಿತು ಎಂದು. ಹಂಡೆಯಲ್ಲಿ ನೀರು ಕಾದಿದೆ. ಬಟ್ಟಲಲ್ಲಿ ಎಣ್ಣೆ, ತಟ್ಟೆಯಲ್ಲಿ ಕಡಲೆಹಿಟ್ಟು, ಎರೆದ ಮೇಲೆ ಕೆಂಡಕ್ಕೆ ಹಾಕಲು ಲೋಬಾನ. ನೀಡಿದ ಕಾಲುಗಳ ನಡುವೆ ಕೂಸನ್ನು ಬೋರಲು ಹಾಕಿ ಬೆನ್ನು ತಿಕ್ಕುತ್ತಾಳೆ, ಅಂಗಾತ ಹೊರಳಿಸಿ ಎಡಗೈಯನ್ನು ಬಲಗಾಲಿಗೆ, ಬಲಗೈಯನ್ನು ಎಡಗಾಲಿಗೆ ಮುಟ್ಟಿಸುತ್ತಾಳೆ. ಗೊರೇಬಾಳದ ಎಷ್ಟೋ ಕೂಸುಗಳು ಇಂಥ ಅಜ್ಜಿಯರ ಕಾಲ ಮೇಲೆ ಅತ್ತು, ದಣಿದು, ಹೊಗೆ ಹಿಡಿಸಿಕೊಂಡು ಮಧ್ಯಾಹ್ನದ ತನಕ ನಿದ್ದೆ ಹೊಡೆದಿವೆ. ಕೈ ಹಿಡಿದು ಎಳೆದರೆ ಕೂಸು ತಿರುಗಿ ಎಳೆಯಬೇಕು, ಕಾಲು ಒದೆಯಬೇಕು. ಈ ಕೂಸು ಎಳೆಯಲಿಲ್ಲ. ಬಿಟ್ಟ ಕೈ ಬಿಟ್ಟಲ್ಲೇ ಬಿತ್ತು. ಕಂಕುಳಿಗೆ ಕೈಕೊಟ್ಟು ಎತ್ತಿದರೆ ಹೆಗಲು ಮೇಲೇರಿ ಮೈ ಕೆಳಗೆ ಜಾರಿತು.

“ಯವ್ವಾ, ಕೂಸು ಬಾಳ ಮೆತ್ತಗ ಐತಿ. ಎತ್ತಿದ್ರ ಕೈಯಾಗ ನಿಲ್ಲವಲ್ದು,” ಎಂದಳು ಅಜ್ಜಿ.

ಮಕ್ಕಳ ಡಾಕ್ಟರು ಇದನ್ನೇ ಸ್ನಾಯುಗಳ ಬಿಗಿ ಕಡಿಮೆ ಎನ್ನುತ್ತಾರೆ. ಡೌನ್ ಸಿಂಡ್ರೋಮ್ ಇರುವ ಕೂಸಿನಲ್ಲಿ ಎಲ್ಲಕ್ಕಿಂತ ಮೊದಲು ಕೈಗೆ ಸಿಗುವ ಗುರುತೂ ಇದೇ. ಮೇಲಕ್ಕೆ ವಾರೆಯಾದ ಕಣ್ಣು, ಚಪ್ಪಟೆ ಮೂಗು, ಎಷ್ಟೋ ಮಕ್ಕಳ ಅಂಗೈಗೆ ಅಡ್ಡಲಾಗಿ ಒಂದೇ ಗೆರೆ, ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅಗಲ ಸಂದು. ಇವು ಕಣ್ಣಿಗೆ ಬೀಳಲು ದಿನ ಹಿಡಿಯುತ್ತದೆ, ಬಿದ್ದರೂ ‘ಅವರಪ್ಪನ ಕಡೆಯವರ ಕಣ್ಣು’ ಎಂದು ಮಾತು ತೇಲಿಹೋಗುತ್ತದೆ. ನೂರಾರು ಕೂಸು ಎರೆದ ಕೈ ಮಾತ್ರ ಸುಳ್ಳು ಹೇಳುವುದಿಲ್ಲ. ಆ ಮಾತನ್ನು ಆ ದಿನವೇ ಯಾರಾದರೂ ಆಶಾ ಕಾರ್ಯಕರ್ತೆಯ ಕಿವಿಗೆ ಹಾಕಿದ್ದರೆ ಆ ಮನೆಗೆ ಮೂರು ನಾಲ್ಕು ತಿಂಗಳು ಉಳಿಯುತ್ತಿತ್ತು.

ಹೆಸರು ಬೇಡ. ಇಂಥ ಮನೆ ಈ ಸೀಮೆಯಲ್ಲಿ ಇದೊಂದೇ ಅಲ್ಲ. ಲೋಕದ ಲೆಕ್ಕದಲ್ಲಿ ಹುಟ್ಟುವ 700ರಿಂದ 1,000 ಕೂಸುಗಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ಬಡವ ಬಲ್ಲಿದ, ಊರು ಕ್ಯಾಂಪು ಎಂಬ ಭೇದ ಅದಕ್ಕಿಲ್ಲ.

ಸಿಂಧನೂರು ತಾಲ್ಲೂಕಿನ ಈ ಊರು ತುಂಗಭದ್ರೆಯ ನೀರುಂಡ ಊರು. 1953ರಲ್ಲಿ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಇತ್ತ ಹರಿದ ಮೇಲೆ ಜೋಳದ ಹೊಲಗಳು ನೆಲ್ಲಿನ ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದವರ ಕ್ಯಾಂಪುಗಳು ಎದ್ದವು, ಸಿಂಧನೂರಿನ ಸುತ್ತ ರೈಸ್‌ಮಿಲ್ಲುಗಳು ಬಂದವು. ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳು ನಸುಕಿಗೇ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುತ್ತಾರೆ. ಈ ಕೂಸಿನ ತಾಯಿಯೂ ಆ ಗುಂಪಿನವಳೇ. ತಂದೆ ಮಿಲ್ಲಿನಲ್ಲಿ ಹಮಾಲಿ. ಒಂದು ದಿನ ಆಸ್ಪತ್ರೆಗೆ ಹೋಗಿ ಬಂದರೆ ಎರಡು ಕೂಲಿ ಹೋಯಿತು. ರಾಯಚೂರಿನ ರಿಮ್ಸ್ ಆಸ್ಪತ್ರೆ ಸುಮಾರು 90 ಕಿ.ಮೀ. ದೂರ. ಕಲಬುರಗಿ, ಬೆಂಗಳೂರು ಇನ್ನೂ ಆಚೆ. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂದಿದ್ದರಿಂದ ಹುಬ್ಬಳ್ಳಿಯ ದಾರಿಯೊಂದು ಹಗುರವಾಗಿದೆ. ಬಗಲಲ್ಲಿ ಕೂಸು ಇಟ್ಟುಕೊಂಡು ಬಸ್ಸಿನಲ್ಲಿ ನಿಂತು ಹೋದವರಿಗೆ ಇದು ಸಣ್ಣ ಮಾತಲ್ಲ.

ಮೊದಲ ವರ್ಷ ಆ ಮನೆಯನ್ನು ಕೂಸಿಗಿಂತ ಹೆಚ್ಚು ಕಾಡಿದ್ದು ಜನರ ಬಾಯಿ. ಗ್ರಹಣದ ದಿನ ಹೊರಗೆ ಬಂದಿದ್ದಳಂತೆ ಎಂದರು ಒಬ್ಬರು. ಸೋದರಮಾವನಿಗೆ ಕೊಟ್ಟಿದ್ದಕ್ಕೆ ಹೀಗಾಯಿತು ಎಂದರು ಇನ್ನೊಬ್ಬರು. ಅತ್ತೆ ಒಂದು ಸಂಜೆ ಕಟ್ಟೆಯ ಮೇಲೆ ಕೂತು, “ನಮ್ಮ ವಂಶದಾಗ ಯಾರೂ ಹಿಂಗ ಹುಟ್ಟಿಲ್ಲವ್ವ,” ಎಂದಳು. ಬೈಗುಳವಲ್ಲ ಅದು, ದುಃಖ. ಆದರೆ ಸೊಸೆಯ ಎದೆಗೆ ನೆಟ್ಟಿತು.

ಈ ಮೂರು ಮಾತಿಗೂ ವಿಜ್ಞಾನ ಎಂದೋ ಉತ್ತರ ಕೊಟ್ಟಿದೆ. 1866ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಜಾನ್ ಲ್ಯಾಂಗ್ಡನ್ ಡೌನ್ ಈ ಲಕ್ಷಣಗಳನ್ನು ಬರೆದಿಟ್ಟ. ಕಾರಣ ತಿಳಿದದ್ದು 1959ರಲ್ಲಿ, ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಅವನ ಜೊತೆಗಾರರಿಂದ. ನಮ್ಮ ಜೀವಕೋಶದಲ್ಲಿ 46 ವರ್ಣತಂತುಗಳಿದ್ದರೆ ಈ ಮಕ್ಕಳಲ್ಲಿ ಹೆಚ್ಚಿನವರಿಗೆ 47. ಇಪ್ಪತ್ತೊಂದನೆಯದು ಎರಡಿರುವಲ್ಲಿ ಮೂರು. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಬೇರೆಯಾಗಬೇಕಿದ್ದ ಜೋಡಿ ಬೇರೆಯಾಗದೆ ಉಳಿದರೆ ಹೀಗಾಗುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಸೋದರಮಾವನ ಮದುವೆಯಿಂದ ಬೇರೆ ಕೆಲವು ಕಾಯಿಲೆಗಳ ಸಂಭವ ಹೆಚ್ಚುವುದು ನಿಜ, ಆದರೆ ಇದು ಆ ಜಾತಿಗೆ ಸೇರಿದ್ದಲ್ಲ. ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಏರುತ್ತದೆ. ಹಾಗಿದ್ದರೂ ಹೆರುವವರಲ್ಲಿ ಎಳೆಯರೇ ಹೆಚ್ಚಿರುವುದರಿಂದ ಇಂಥ ಮಕ್ಕಳ ತಾಯಂದಿರಲ್ಲೂ ಎಳೆಯರೇ ಹೆಚ್ಚು. ನೂರರಲ್ಲಿ 95ರಷ್ಟು ಮಕ್ಕಳಲ್ಲಿ ಇದು ವಂಶದಿಂದ ಬಂದದ್ದಲ್ಲ. ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಹೆಚ್ಚುವರಿ ಇಪ್ಪತ್ತೊಂದನೆಯ ತಂತು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಆಗ ತಂದೆ ತಾಯಿಯರ ರಕ್ತವನ್ನೂ ಪರೀಕ್ಷಿಸಬೇಕು, ಮುಂದಿನ ಬಸಿರಿನ ದೃಷ್ಟಿಯಿಂದ. ಇಷ್ಟನ್ನು ಅತ್ತೆಯ ಎದುರಿನಲ್ಲೇ, ಅವಳಿಗೆ ತಿಳಿಯುವ ಮಾತಿನಲ್ಲಿ, ಯಾರಾದರೂ ಕೂತು ಹೇಳಬೇಕು. ರಿಪೋರ್ಟಿನ ಹಾಳೆ ಕೈಗೆ ಕೊಟ್ಟು ಕಳಿಸಿದರೆ ಸಾಲದು. ಈ ಒಂದು ಕೆಲಸವನ್ನು ನಮ್ಮ ಆಸ್ಪತ್ರೆಗಳು ಇನ್ನೂ ಕಲಿತಿಲ್ಲವೆಂದೇ ನನ್ನ ಎಣಿಕೆ.

ಹಾಲು ಕುಡಿಸುವುದೇ ಮೊದಲ ಹೋರಾಟವಾಗಿತ್ತು. ತುಟಿ ಮೊಲೆತೊಟ್ಟಿಗೆ ಗಟ್ಟಿಯಾಗಿ ಹತ್ತುತ್ತಿರಲಿಲ್ಲ, ನಾಲಿಗೆ ಮುಂದಕ್ಕೆ ಬರುತ್ತಿತ್ತು. ಎರಡು ಗುಟುಕಿಗೆ ದಣಿದು ಕಣ್ಣು ಮುಚ್ಚುತ್ತಿತ್ತು. ಗದ್ದದ ಕೆಳಗೆ ಬೆರಳು ಆನಿಸಿ, ಪಾದ ತಟ್ಟಿ ಎಬ್ಬಿಸಿ, ತಾಸುಗಟ್ಟಲೆ ಕುಡಿಸಿದಳು ತಾಯಿ. ಬೆವರುತ್ತಾ, ಏದುಸಿರು ಬಿಡುತ್ತಾ ಕುಡಿಯುವ ಕೂಸಿನ ಎದೆಯನ್ನು ತಪ್ಪದೆ ಪರೀಕ್ಷಿಸಬೇಕು. ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದಲ್ಲಿ ದೋಷವಿರುತ್ತದೆ. ಸ್ಟೆತಾಸ್ಕೋಪಿಗೆ ಏನೂ ಕೇಳದಿದ್ದರೂ ಮೊದಲ ತಿಂಗಳಲ್ಲೇ ಎಕೋ ಮಾಡಿಸಬೇಕೆಂಬುದು ಅದಕ್ಕೇ. ದೊಡ್ಡ ರಂಧ್ರವಿದ್ದರೆ ಆರು ತಿಂಗಳ ಆಸುಪಾಸಿನಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು. ಬಿಟ್ಟರೆ ಪುಪ್ಪುಸದ ರಕ್ತನಾಳಗಳು ಕೆಟ್ಟು, ಮುಂದೆ ಕೈಮೀರುತ್ತದೆ. ಈ ಕೂಸಿಗೆ ಸಣ್ಣ ತೂತೊಂದಿತ್ತು, ತಾನಾಗಿ ಮುಚ್ಚಿಕೊಂಡಿತು. ಎಲ್ಲರಿಗೂ ಹಾಗೆ ಆಗುವುದಿಲ್ಲ.

ಥೈರಾಯ್ಡ್ ರಕ್ತಪರೀಕ್ಷೆಯದೂ ಇದೇ ಮಾತು. ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಂದು ಸಲ. ಕೂಸು ಜಡವಾಗಿದೆ, ಮಲಬದ್ಧತೆ ಇದೆ ಎಂದರೆ ‘ಇಂಥ ಮಕ್ಕಳೇ ಹಾಗೆ’ ಎಂದು ಬಿಡುವವರುಂಟು. ಅಗ್ಗದ ಮಾತ್ರೆಯೊಂದರಿಂದ ತಪ್ಪಿಸಬಹುದಾದ ಜಡತನ ಅದಾಗಿರಬಹುದು.

ಎರೆಯುವ ಅಜ್ಜಿಗೂ ಹೇಳಬೇಕಾದ್ದಿದೆ. ತಲೆ ಹಿಡಿದು ಎತ್ತಿ ತೂಗುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ನಮ್ಮ ಕಡೆಯ ರೂಢಿ. ಈ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೊದಲ ಎರಡು ಎಲುಬುಗಳ ಕೀಲು ಸಡಿಲವಿರುತ್ತದೆ. ಅಲ್ಲಿ ಎಳೆದಾಟ ಕೂಡದು. ಕಿವಿಗೆ ಎಣ್ಣೆ ಬಿಡುವುದೂ ಬೇಡ. ಕಿವಿಯ ದಾರಿ ಮೊದಲೇ ಕಿರಿದು, ಒಳಗೆ ನೀರು ನಿಂತು ಕೇಳುವುದು ಮಂದವಾಗುತ್ತದೆ. ಕೇಳದ ಕೂಸು ಮಾತಾಡುವುದೆಂತು? ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು ಮಾತ್ರ ಮುಂದುವರಿಯಲಿ. ಅದು ಕೂಸಿಗೂ ಹಿತ, ಅಜ್ಜಿಗೂ ಹಿತ.

ಈಗ ಆ ಕೂಸಿಗೆ ಮೂರು ವರ್ಷ. ಅಂಗಳದಲ್ಲಿ ಅವಳ ಗಾಡಿ ನಿಂತಿದೆ. ಬಡಿಗೇರ ಮಾಡಿಕೊಟ್ಟ ಮೂರು ಗಾಲಿಯ ಕಟ್ಟಿಗೆ ಗಾಡಿ. ಹಿಡಿದು ತಳ್ಳುತ್ತಾ ಮಕ್ಕಳು ನಡೆ ಕಲಿಯುವುದು ಅದರಿಂದಲೇ. ಉಳಿದವರ ಗಾಡಿಗೂ ಇವಳದಕ್ಕೂ ಒಂದೇ ವ್ಯತ್ಯಾಸ, ಇವಳ ಗಾಡಿಯ ಅಡಿಗೆ ಇಟ್ಟಿಗೆಯೊಂದನ್ನು ಹಗ್ಗದಿಂದ ಬಿಗಿದಿದ್ದಾರೆ. ಗಾಡಿ ಹಗುರವಿದ್ದರೆ ಮುಂದೆ ಓಡುತ್ತದೆ, ಸಡಿಲ ಮೈಯ ಹುಡುಗಿ ಹಿಂದೆ ಬೋರಲು ಬೀಳುತ್ತಾಳೆ. ಭಾರವಿದ್ದರೆ ಅವಳು ತಳ್ಳಿದಷ್ಟೇ ಸರಿಯುತ್ತದೆ. ಇದನ್ನು ಯಾವ ಫಿಸಿಯೋಥೆರಪಿಸ್ಟರೂ ಹೇಳಿಕೊಟ್ಟಿಲ್ಲ. ತಂದೆ ಎರಡು ಸಲ ಬಿದ್ದದ್ದು ನೋಡಿದ, ಇಟ್ಟಿಗೆ ಕಟ್ಟಿದ. ಈ ಮಕ್ಕಳು ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ನಡೆಯುತ್ತಾರೆ, ಕೆಲವರಿಗೆ ನಾಲ್ಕು ಹಿಡಿಯುತ್ತದೆ. ಇವಳು ಇತ್ತೀಚೆಗೆ ಗಾಡಿ ಬಿಟ್ಟು ಕಟ್ಟೆಯಿಂದ ಬಾಗಿಲತನಕ ನಾಲ್ಕು ಹೆಜ್ಜೆ ಬಂದಿದ್ದಾಳೆ. ಬಂದು ತಾನೇ ಚಪ್ಪಾಳೆ ತಟ್ಟಿಕೊಂಡಿದ್ದಾಳೆ.

ಸಂಜೆ ತಾಯಿ ರೊಟ್ಟಿ ಬಡಿಯಲು ಕೂತರೆ ಇವಳ ಪಾಲಿಗೊಂದು ಹಿಟ್ಟಿನ ಉಂಡೆ. ಗಿಡ್ಡ ಬೆರಳುಗಳಿಂದ ಹಿಚುಕಬೇಕು, ಒತ್ತಬೇಕು, ಅವ್ವ ಬಡಿದಂತೆ ಬಡಿಯಬೇಕು. ಜೋಳದ ಹಿಟ್ಟಿಗೆ ಜಿಗುಟಿಲ್ಲ, ಒತ್ತಿದಲ್ಲಿ ಸೀಳುತ್ತದೆ. ಸೀಳಿದ್ದನ್ನು ಮತ್ತೆ ಕೂಡಿಸುವಾಗ ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಹುಡುಕುತ್ತವೆ. ಮುಂದೆ ಅಂಗಿಯ ಗುಂಡಿ ಹಾಕುವ, ಬಳಪ ಹಿಡಿಯುವ ಬೆರಳುಗಳು ಇಲ್ಲಿ ತಯಾರಾಗುತ್ತಿವೆ. ಅಂಬಾಮಠದ ಜಾತ್ರೆಯಿಂದ ತಂದ ಪೀಪಿಯೊಂದಿದೆ. ಅಣ್ಣ ಊದುತ್ತಾನೆ, ಇವಳ ಬಾಯಿಗಿಡುತ್ತಾನೆ. ಮೊದಮೊದಲು ಜೊಲ್ಲು ಮಾತ್ರ ಬರುತ್ತಿತ್ತು. ಈಗ ಪೀಂ ಎನ್ನುತ್ತದೆ. ‘ಪ’, ‘ಬ’, ‘ಮ’ ಹುಟ್ಟುವುದೂ ಎರಡು ತುಟಿ ಕೂಡಿದಾಗಲೇ. ‘ಬಾ’ ಬಂದಿದೆ, ‘ಮಮ್ಮಮ್’ ಬಂದಿದೆ. ಉಳಿದದ್ದನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಾಳೆ. ಸನ್ನೆ ರೂಢಿಯಾದರೆ ಮಾತು ಬರುವುದಿಲ್ಲ ಎಂಬ ಭಯ ಹಲವರಿಗಿದೆ. ಭಯ ಬೇಡ. ಸನ್ನೆ ಮಾತಿಗೆ ದಾರಿ ಮಾಡುತ್ತದೆ. ಹೇಳಿದ್ದು ಇವರಿಗೆ ಅರ್ಥವಾಗುತ್ತದೆ, ತಿರುಗಿ ಹೇಳಲು ತಡವಾಗುತ್ತದೆ ಅಷ್ಟೆ. ಅವಳೆದುರು, ‘ಇದಕ್ಕೇನು ತಿಳೀತದ’ ಎನ್ನುವ ನೆಂಟರಿಗೆ ಇದು ಗೊತ್ತಿಲ್ಲ.

ಅಂಗನವಾಡಿಗೆ ಸೇರಿಸಿದ ದಿನ ತಾಯಿ ಬಾಗಿಲಲ್ಲೇ ನಿಂತು ಕೇಳಿಕೊಂಡದ್ದು ಒಂದೇ ಮಾತು:

“ಟೀಚರ್ರ, ಆಕಿನ್ನ ಹಿಂದ ಕುಂದ್ರಿಸಬ್ಯಾಡ್ರಿ. ಮುಂದ ಕುಂದ್ರಿಸ್ರಿ. ನೋಡಿ ನೋಡಿ ಕಲಿತಾಳ.”

ಆಕೆಗೆ ಯಾರೂ ಮನಶ್ಶಾಸ್ತ್ರ ಓದಿಸಿಲ್ಲ. ಆದರೆ ಈ ಮಕ್ಕಳು ಕಿವಿಗಿಂತ ಕಣ್ಣಿನಿಂದ ಚೆನ್ನಾಗಿ ಕಲಿಯುತ್ತಾರೆ ಎಂಬುದು ಬಲ್ಲವರೆಲ್ಲ ಹೇಳುವ ಮಾತೇ. ಮುಂದೆ ಕೂತ ಹುಡುಗಿ ಈಗ ಊಟಕ್ಕೆ ಮೊದಲು ಎಲ್ಲರಂತೆ ಕೈ ಜೋಡಿಸುತ್ತಾಳೆ, ತಟ್ಟೆ ತೊಳೆಯುವ ಸಾಲಿನಲ್ಲಿ ನಿಲ್ಲುತ್ತಾಳೆ. ಹೆದರಿಕೆಯೊಂದಿದೆ. ಕಾಲುವೆಗೆ ನೀರು ಬಿಟ್ಟ ಕಾಲದಲ್ಲಿ ಊರಿನ ಪಕ್ಕದ ಉಪಕಾಲುವೆಗಳೆಲ್ಲ ತುಂಬಿ ಹರಿಯುತ್ತವೆ. ಹೊಸದಾಗಿ ನಡೆ ಬಂದ, ಅಪಾಯ ತಡವಾಗಿ ತಿಳಿಯುವ ಮಗು ಕಣ್ಣು ತಪ್ಪಿಸಿ ಹೊರಟರೆ? ನಾಟಿಯ ದಿನಗಳಲ್ಲಿ ತಾಯಿ ಗದ್ದೆಯಲ್ಲಿ ಬಗ್ಗಿದ್ದರೂ ಮನಸ್ಸು ಬಾಗಿಲ ಚಿಲಕದ ಮೇಲಿರುತ್ತದೆ. ಅಂಗನವಾಡಿ ನಾಲ್ಕು ಗಂಟೆಗೆ ಮುಗಿದರೆ ಕೂಲಿ ಆರಕ್ಕೆ ಮುಗಿಯುತ್ತದೆ. ನಡುವಿನ ಎರಡು ತಾಸು ಆ ಹುಡುಗಿಯನ್ನು ಕಾಯುವುದು ಅಜ್ಜಿ ಮತ್ತು ಎರಡನೇ ಕ್ಲಾಸಿನ ಅಣ್ಣ. ಕೂಲಿ ಮಾಡುವ ತಾಯಂದಿರ ಊರಿನಲ್ಲಿ ಸಂಜೆತನಕ ತೆರೆದಿರುವ ಕೂಸಿನ ಮನೆ ಬೇಕು. ಇಂಥ ಮಗುವಿಗೆ ಅದು ಜೀವದ ಪ್ರಶ್ನೆ.

ಕಾಗದದ ಮೇಲೆ ದಾರಿಗಳಿವೆ, ಅವನ್ನು ಹಿಡಿದು ಹೊರಟವರಿಗೆ ಸಿಕ್ಕಿದ್ದೂ ಇದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮಿನ ಹೆಸರೇ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ತಪಾಸಣೆಯಲ್ಲಿ ಸಿಕ್ಕ ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆಯೂ ಸೇರಿ ಉಚಿತ ಚಿಕಿತ್ಸೆ ಕೊಡಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದ್ದರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಬೌದ್ಧಿಕ ವೈಕಲ್ಯದವರಿಗಾಗಿ ಇರುವ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿತನಕದ ಚಿಕಿತ್ಸೆಗೆ ನೆರವುಂಟು. ಇವನ್ನೆಲ್ಲ ಮನೆಗೆ ಬಂದು ಹೇಳಬೇಕಾದವರೂ ಇದ್ದಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ವಿಕಲಚೇತನರೇ ಆಗಿರುತ್ತಾರೆ, ಕಚೇರಿಯ ಮೆಟ್ಟಿಲು ಹತ್ತುವ ಕಷ್ಟ ಬಲ್ಲವರು. ಗೌರವಧನ ಕಡಿಮೆ, ತಿರುಗಾಟ ಹೆಚ್ಚು. ಆ ಮನೆಯ ಅರ್ಜಿ ತುಂಬಿದ್ದು, ತಪಾಸಣೆ ಶಿಬಿರದ ದಿನ ಫೋನು ಮಾಡಿ ಕರೆದದ್ದು ಇಂಥ ಒಬ್ಬರೇ.

ನಾಲ್ಕು ದಶಕದ ಹಿಂದೆ, ಸೌಕರ್ಯ ತುಂಬಿದ ಅಮೆರಿಕದಲ್ಲೇ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಸ್ಸು 25ರ ಆಸುಪಾಸಿನಲ್ಲಿತ್ತು. ಇಂದು ಅಲ್ಲಿ 60ರ ಹತ್ತಿರ. ವರ್ಣತಂತು ಬದಲಾಗಲಿಲ್ಲ, ಮದ್ದೂ ಸಿಗಲಿಲ್ಲ. ಹೃದಯವನ್ನು ಹೊತ್ತಿಗೆ ಸರಿಯಾಗಿ ರಿಪೇರಿ ಮಾಡಿದರು, ಮಕ್ಕಳನ್ನು ಸಂಸ್ಥೆಗಳಲ್ಲಿ ಕೂಡಿಹಾಕುವುದು ಬಿಟ್ಟು ಮನೆಯಲ್ಲಿ ಬೆಳೆಸಿದರು. ಆ ಎರಡೂ ಸಿಂಧನೂರಿಗೆ ನಿಲುಕದ ಕೆಲಸಗಳಲ್ಲ. ಮನೆಯಲ್ಲಿ ಬೆಳೆಸುವುದನ್ನಂತೂ ನಮಗೆ ಯಾರೂ ಕಲಿಸಬೇಕಿಲ್ಲ.

ನಿಮ್ಮ ಓಣಿಯಲ್ಲಿ ಕೂಸು ಮೆತ್ತಗಿದೆ, ಹಾಲು ಕುಡಿಯಲು ದಣಿಯುತ್ತದೆ ಎಂಬ ಮಾತು ಕಿವಿಗೆ ಬಿದ್ದರೆ ಗ್ರಹಣದ ಲೆಕ್ಕ ಹಾಕುತ್ತ ಕೂರಬೇಡಿ. ಅದೇ ವಾರ ಆಶಾ ಕಾರ್ಯಕರ್ತೆಗೆ ತಿಳಿಸಿ, ತಿಂಗಳೊಳಗೆ ಹೃದಯದ ಎಕೋ ಮತ್ತು ಥೈರಾಯ್ಡ್ ಪರೀಕ್ಷೆ ಆಗುವಂತೆ ನೋಡಿ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಫೋನ್ ನಂಬರನ್ನು ಆ ತಾಯಿಗೆ ಬರೆದುಕೊಡಿ. ಕೂಲಿ ಬಿಟ್ಟು ಆಸ್ಪತ್ರೆಗೆ ಹೊರಟ ದಿನ ಅವಳ ಜೊತೆಗೆ ಯಾರಾದರೊಬ್ಬರು ಬಸ್ಸು ಹತ್ತಿ.