ಜರ್ಮನ್ ಕಲಿಯಲು ರಾಜಕಾರಣಿ ಬೇಕು

ಪುತ್ತೂರು, ಸುಳ್ಯ ಕಡೆಯ ಎಂಜಿನಿಯರಿಂಗ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಿಗೆ ಜರ್ಮನಿ ಈಗ ಅಪರಿಚಿತ ಹೆಸರಲ್ಲ. 2024ರ ಅಕ್ಟೋಬರಿನಲ್ಲಿ ಅಂದಿನ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಾಗ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವ ತೀರ್ಮಾನ ಹೊರಬಿತ್ತು. ಆದರೆ ವೀಸಾಕ್ಕಿಂತ ಮೊದಲು ಭಾಷೆ ನಿಂತಿದೆ. ಅಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲುಗಳಲ್ಲಿ ಅದು ನಾಲ್ಕನೆಯದು.

ಮೊದಲ ಮೆಟ್ಟಿಲುಗಳನ್ನು ಹೆಸರು, ಊರು, ಅಂಗಡಿ, ರೈಲು ಟಿಕೆಟಿನ ಮಾತುಗಳಲ್ಲೇ ಹತ್ತಬಹುದು. ಬಿ2ರಲ್ಲಿ ಆಟ ಬದಲಾಗುತ್ತದೆ. ಗೋಥೆ ಇನ್‌ಸ್ಟಿಟ್ಯೂಟಿನ ಮೌಖಿಕ ಪರೀಕ್ಷೆಯಲ್ಲಿ ಅಭ್ಯರ್ಥಿ ಒಂದು ಚಿಕ್ಕ ಭಾಷಣ ಮಾಡಬೇಕು. ಆಮೇಲೆ ಇನ್ನೊಬ್ಬ ಅಭ್ಯರ್ಥಿಯ ಎದುರು ಕೂತು ಪ್ರಚಲಿತ ವಿಷಯವೊಂದರ ಪರ-ವಿರೋಧ ಚರ್ಚಿಸಬೇಕು. ವ್ಯಾಕರಣವನ್ನು ಬಾಯಿಪಾಠ ಮಾಡಿದವರು ತಡವರಿಸುವುದು ಇಲ್ಲೇ. ಅಭಿಪ್ರಾಯವೇ ಇಲ್ಲದವರಿಗೆ ಯಾವ ಭಾಷೆಯಲ್ಲೂ ವಾದ ಮಾಡಲು ಬರುವುದಿಲ್ಲ.

ಭಾಷೆಯ ಜೊತೆಗೆ ರಾಜಕೀಯವನ್ನೂ ಕಲಿಸುವುದು ಜರ್ಮನಿಯಲ್ಲಿ ಸರ್ಕಾರಿ ನೀತಿಯೇ ಆಗಿದೆ. ವಲಸೆ ಬಂದವರಿಗಾಗಿ ನಡೆಸುವ ಸಮನ್ವಯ ತರಗತಿಯಲ್ಲಿ ಸಾಮಾನ್ಯವಾಗಿ 600 ಪಾಠಗಳು ಭಾಷೆಗೆ, 100 ಪಾಠಗಳು ಸಂವಿಧಾನ, ಚರಿತ್ರೆ, ಸಮಾಜಕ್ಕೆ. ಕೊನೆಗೆ 33 ಪ್ರಶ್ನೆಗಳ ಪರೀಕ್ಷೆ ಇರುತ್ತದೆ. ಪೌರತ್ವ ಬೇಕಿದ್ದವರು ಕನಿಷ್ಠ 17ಕ್ಕೆ ಸರಿಯುತ್ತರ ಕೊಡಬೇಕು.

ಹಾಗಿದ್ದರೆ ರಾಜಕಾರಣಿಗಳನ್ನೇ ಯಾಕೆ ಮೇಷ್ಟ್ರು ಮಾಡಿಕೊಳ್ಳಬಾರದು? 2021ರ ಸೆಪ್ಟೆಂಬರಿನಲ್ಲಿ, ಸಂಸತ್ ಚುನಾವಣೆ ಹತ್ತಿರವಾದಾಗ, ಜರ್ಮನಿಯ ಒಂದು ಟಿವಿ ಹಾಸ್ಯ ಕಾರ್ಯಕ್ರಮ ಚಾನ್ಸಲರ್ ಹುದ್ದೆಯ ಅಭ್ಯರ್ಥಿ ಆರ್ಮಿನ್ ಲಾಶೆಟ್ ಅವರ ಎದುರು ಇಬ್ಬರು ಮಕ್ಕಳನ್ನು ಕೂರಿಸಿತು. ಮಕ್ಕಳು ಸಿಗರೇಟಿನ ಬಗ್ಗೆ ಕೇಳಿದರು, ಅವರದೇ ಪಕ್ಷದ ವಿವಾದಿತ ಅಭ್ಯರ್ಥಿಯೊಬ್ಬರ ಬಗ್ಗೆಯೂ ಬಿಡದೆ ಕೇಳಿದರು. ಪಳಗಿದ ನಾಯಕ ಕುರ್ಚಿಯಲ್ಲಿ ಚಡಪಡಿಸಿದ್ದು ದೇಶವಿಡೀ ಸುದ್ದಿಯಾಯಿತು. ಜರ್ಮನ್ ಕಲಿಯುವವರಿಗೆ ಇಂಥ ಸಂದರ್ಶನ ಹಬ್ಬದೂಟ. ಪ್ರಶ್ನೆ ಚಿಕ್ಕದು, ಎರಡನೇ ಮೆಟ್ಟಿಲಿನವರಿಗೂ ಅರ್ಥವಾಗುತ್ತದೆ. ಉತ್ತರ ಉದ್ದದ್ದು, ಸುತ್ತುಬಳಸಿನದ್ದು, ಒಂದರೊಳಗೊಂದು ಉಪವಾಕ್ಯ ಹೊಂದಿದ್ದು. ‘ಆದರೆ’, ‘ಆದರೂ’, ‘ಹಾಗೆಂದು ಅರ್ಥವಲ್ಲ’ ಎಂದು ಜಾರಿಕೊಳ್ಳುವ ದಾರಿಗಳೆಲ್ಲ ಅದರಲ್ಲಿವೆ. ಬಿ2 ಪರೀಕ್ಷೆಯ ಚರ್ಚೆಗೂ ಬೇಕಾದ ಸರಕು ಅದೇ.

ಈ ಉಪವಾಕ್ಯಗಳ ವಿಷಯದಲ್ಲಿ ನಮ್ಮವರಿಗೊಂದು ಲಾಭವಿದೆ, ಕ್ಲಾಸುಗಳಲ್ಲಿ ಅದನ್ನು ಹೇಳುವವರು ಕಡಿಮೆ. ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ. ಇಂಗ್ಲಿಷಿನ ದಾರಿಯಲ್ಲಿ ಹೋದವರಿಗೆ ಅದು ತಲೆಕೆಳಗಾಗಿ ಕಾಣುತ್ತದೆ. ಕನ್ನಡದಲ್ಲೋ ತುಳುವಿನಲ್ಲೋ ಯೋಚಿಸುವವರಿಗೆ ಅದು ಮನೆಯದೇ ಪದ್ಧತಿ.

ಒಮ್ಮೆಲೇ ಸಂಸತ್ತಿನ ಚರ್ಚೆಗೆ ಕಿವಿ ಕೊಟ್ಟರೆ ತಲೆ ಸುತ್ತೀತು. ಅದಕ್ಕೆ ಏಣಿಗಳಿವೆ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆ ಕಲಿಯುವವರಿಗಾಗಿಯೇ ಸುದ್ದಿಯನ್ನು ನಿಧಾನವಾಗಿ ಓದಿಸಿ, ಪಠ್ಯವನ್ನೂ ಜೊತೆಗೆ ಕೊಡುತ್ತದೆ. ಡಾಯ್ಚ್‌ಲಾಂಡ್‌ಫುಂಕ್ ರೇಡಿಯೋ ವಾರದ ಸುದ್ದಿಯನ್ನು ಸರಳ ಭಾಷೆಯಲ್ಲಿ ಬರೆಯುತ್ತದೆ. ಬೇಸಿಗೆಯಲ್ಲಿ ಎಆರ್‌ಡಿ, ಝಡ್‌ಡಿಎಫ್ ವಾಹಿನಿಗಳು ಪಕ್ಷಗಳ ನಾಯಕರನ್ನು ಒಬ್ಬೊಬ್ಬರಾಗಿ ಕೂರಿಸಿ ಸಾವಕಾಶವಾಗಿ ಸಂದರ್ಶಿಸುತ್ತವೆ. ಇನ್ನು 2015ರ ಆಗಸ್ಟ್ 31ರಂದು ನಿರಾಶ್ರಿತರ ಕುರಿತು ಅಂದಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಹೇಳಿದ ಮಾತು, ‘ವಿರ್ ಶಾಫೆನ್ ದಾಸ್’, ‘ಇದನ್ನು ನಾವು ಮಾಡಬಲ್ಲೆವು’ ಎಂಬುದು, ಮೂರೇ ಪದ. ಆ ಮೂರು ಪದಗಳು ಎಬ್ಬಿಸಿದ ಜಗಳ ಇನ್ನೂ ತಣ್ಣಗಾಗಿಲ್ಲ.

ವರ್ತಮಾನದ ಮೂಲಕ ಭಾಷೆಯೊಂದಿಗೆ ನಂಟು ಬೆಳೆಸುವುದು ದಕ್ಷಿಣ ಕನ್ನಡ ಜಿಲ್ಲೆಗೆ ಹೊಸದಲ್ಲ, ದಿಕ್ಕು ಮಾತ್ರ ಬೇರೆ. 1836ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಬಂದ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಕನ್ನಡ ಕಲಿತು, ಏಳು ವರ್ಷ ತುಂಬುವ ಮೊದಲೇ, 1843ರ ಜುಲೈ 1ರಂದು, ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕಲ್ಲಚ್ಚಿನ ಆ ಪತ್ರಿಕೆಯಲ್ಲಿ ಊರಿನ ಸುದ್ದಿ, ಸರ್ಕಾರದ ಆಜ್ಞೆಗಳು, ಪರದೇಶದ ವರ್ತಮಾನ ಎಲ್ಲವೂ ಇದ್ದವು. ಈಚಿನ ಕಾಲದಲ್ಲಿ ವಿಟ್ಲ ಸೀಮೆಯ ಪುಣಚದವರಾದ ಪ್ರೊ. ಬಿ.ಎ. ವಿವೇಕ ರೈ ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿದರು.

ಜನಪ್ರತಿನಿಧಿಯನ್ನು ಎದುರಿಗೆ ಕೂರಿಸಿ ಕೇಳುವ ಅಭ್ಯಾಸವೂ ನಮ್ಮಲ್ಲಿದೆ. ಕರ್ನಾಟಕದ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆಯ ಶೌಚಾಲಯ, ಕಾಲುಸಂಕ, ಬಸ್ಸು, ಬೀದಿನಾಯಿ ಎಂದು ಮಕ್ಕಳು ಅಧ್ಯಕ್ಷರನ್ನೇ ಕೇಳುತ್ತಾರೆ. ಕಬಕದಂಥ ಪಂಚಾಯತ್‌ನಲ್ಲಿ ಹಾಗೆ ಎದ್ದು ನಿಂತು ಕೇಳಿದ ಹುಡುಗಿ ಮುಂದೆ ಜರ್ಮನ್ ತರಗತಿಗೆ ಹೋದರೆ, ಪ್ರಶ್ನೆ ಕೇಳುವ ಧೈರ್ಯವನ್ನಾದರೂ ಹೊಸದಾಗಿ ಕಲಿಯಬೇಕಿಲ್ಲ. ಅವಳಿಗೆ ಬೇಕಿರುವುದು ತನ್ನ ಊರಿಗೆ ತಾಗುವ ವಿಷಯ.

ಅಂಥ ವಿಷಯ ತೋಟದಲ್ಲೇ ಇದೆ. ಅರಣ್ಯ ಕಡಿದ ಜಾಗದ ಬೆಳೆ ತಮ್ಮ ಮಾರುಕಟ್ಟೆಗೆ ಬರಬಾರದೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಪಟ್ಟಿಯಲ್ಲಿ ರಬ್ಬರ್, ಕೊಕ್ಕೋ, ಕಾಫಿ ಮೂರೂ ಇವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಎಂಬುದಕ್ಕೆ ತೋಟದ ಭೂನಕ್ಷೆಯ ಗುರುತು ಸಮೇತ ಪುರಾವೆ ಬೇಕು. ಜಾರಿಯ ದಿನ ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ಜರ್ಮನ್ ರಾಜಕಾರಣಿಗಳಲ್ಲೂ ಇದರ ಬಗ್ಗೆ ಒಮ್ಮತವಿಲ್ಲ. ಸುಳ್ಯದ ರಬ್ಬರಿಗೂ ಪುತ್ತೂರಿನಲ್ಲಿ 1986ರಿಂದ ಚಾಕೊಲೇಟ್ ಮಾಡುತ್ತಿರುವ ಕ್ಯಾಂಪ್ಕೋಗೆ ಕೊಕ್ಕೋ ಕೊಡುವ ತೋಟಗಳಿಗೂ ಸಂಬಂಧಪಟ್ಟ ಮಾತಿದು, ತರಗತಿಗಳ ಮಾಮೂಲಿ ಪ್ಲಾಸ್ಟಿಕ್ ಚೀಲದ ಚರ್ಚೆಗಿಂತ ಎಷ್ಟೋ ಮೇಲು.

ಕೇಳಲು ವೇದಿಕೆಯೂ ಉಂಟು. 2004ರಲ್ಲಿ ಹ್ಯಾಂಬರ್ಗ್‌ನಲ್ಲಿ ಶುರುವಾದ ‘ಆಬ್‌ಗೆಓರ್ಡ್‌ನೆಟನ್‌ವಾಚ್’ ಜಾಲತಾಣದಲ್ಲಿ ಜನ ತಮ್ಮ ಸಂಸದರಿಗೆ ಪ್ರಶ್ನೆ ಹಾಕುತ್ತಾರೆ. ಪ್ರಶ್ನೆ, ಉತ್ತರ ಎರಡೂ ಎಲ್ಲರಿಗೂ ಓದಲು ಸಿಗುತ್ತವೆ. ತರಗತಿಯಲ್ಲಿ ಇದನ್ನು ನಾಟಕದಂತೆ ನಡೆಸಬಹುದು. ಒಬ್ಬ ಯುರೋಪಿಯನ್ ಸಂಸತ್ತಿನಲ್ಲಿರುವ ಜರ್ಮನಿಯ 96 ಸದಸ್ಯರಲ್ಲಿ ಒಬ್ಬನಾಗಲಿ, ಇನ್ನೊಬ್ಬಳು ಎರಡು ಎಕರೆ ರಬ್ಬರಿನ ರೈತ ಮಹಿಳೆಯಾಗಲಿ. ತೋಟದ ನಕ್ಷೆ ಮಾಡಿಸುವ ಖರ್ಚು ಯಾರದ್ದು ಎಂದು ಅವಳು ಕೇಳಲಿ. ಸಂಸದನ ಪಾತ್ರದವನು ಅರಣ್ಯದ ಮಹತ್ವದ ಬಗ್ಗೆ ಐದು ನಿಮಿಷ ಮಾತಾಡುತ್ತಾನೆ, ಖರ್ಚಿನ ಮಾತು ಎತ್ತುವುದಿಲ್ಲ. ಆದ್ದರಿಂದ ಎರಡನೇ ಪ್ರಶ್ನೆಯನ್ನೂ ಅವಳು ಮೊದಲೇ ಜರ್ಮನ್‌ನಲ್ಲಿ ಬರೆದಿಟ್ಟುಕೊಂಡಿರಬೇಕು.